ಡಿಸ್ನಿ ವರ್ಲ್ಡ್‌ನಲ್ಲಿ ಚನ್ನಪಟ್ಟಣದ ಬುಗುರಿ: ನನ್ನ ಅನುಭವ

ಅಮೆರಿಕದ ಒರ್ಲ್ಯಾಂಡೊದಲ್ಲಿರುವ ಮನರಂಜನಾ ಪಾರ್ಕು ಡಿಸ್ನಿ ವರ್ಲ್ಡ್‌ನಲ್ಲಿ ಗುರುತಿಲ್ಲದ ಮಕ್ಕಳಿಗೆ ಚನ್ನಪಟ್ಟಣದ ಬುಗುರಿ ಕೊಡುತ್ತೇನೆ ಎಂದಾಗ ನನ್ನ ಹೆಂಡತಿಯಿಂದ ಹಿಡಿದು ನಾವಿರುವ ಟ್ಯಾಂಪಾದ ಗೆಳೆಯರವರೆಗೆ ಯಾರೂ ಹೂಂ ಎನ್ನಲಿಲ್ಲ. "ಈ ದೇಶದಲ್ಲಿ ಬೇರೆಯವರ ಮಕ್ಕಳ ಕೈಗೆ ಏನಾದರೂ ಇಟ್ಟು ನೋಡಿ, ಪೊಲೀಸರೇ ಬರುತ್ತಾರೆ" ಎಂದರು ಒಬ್ಬರು. "ಮಿಕ್ಕಿ ಸ್ಟಿಕ್ಕರ್ ಬಿಟ್ಟು ಮರದ ಬುಗುರಿ ಯಾರಿಗೆ ಬೇಕು ಮಾರಾಯರೇ" ಎಂದರು ಇನ್ನೊಬ್ಬರು. ಆ ಇನ್ನೊಬ್ಬರು ಈಗ ಊರಿಗೆ ಹೋಗಿಬರುವವರ ಸೂಟ್‌ಕೇಸಿನಲ್ಲಿ ಬುಗುರಿ ತರಿಸುತ್ತಿದ್ದಾರೆ, ನನಗೆ ಹೇಳದೆ. ಹಾಗಾಗಿ ಇದು ಹೇಗೆ ಕುದುರಿತು ಎಂಬುದನ್ನು ಬರೆದುಬಿಡುತ್ತೇನೆ.

ಪಾರ್ಕಿನಲ್ಲಿ ಒಬ್ಬರಿಗೊಬ್ಬರು ಪುಟ್ಟ ಉಡುಗೊರೆ ಕೊಟ್ಟು ಮುಂದೆ ಹೋಗುವ 'ಪಿಕ್ಸಿ ಡಸ್ಟ್' ಪದ್ಧತಿ ವಾರ್ಷಿಕ ಪಾಸ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವುದೇ. ನನ್ನ ಪಾಸಿನ ಹೆಸರೂ ಅದೇ, ಫ್ಲೋರಿಡಾ ನಿವಾಸಿಗಳಿಗೆ ಸಿಗುವ ಎಲ್ಲಕ್ಕಿಂತ ಅಗ್ಗದ ಪಿಕ್ಸಿ ಡಸ್ಟ್ ಪಾಸ್. 2021ರಲ್ಲಿ 399 ಡಾಲರಿಗೆ ಶುರುವಾಯಿತು, ಆಮೇಲೆ ಏರುತ್ತಲೇ ಇದೆ. ಶನಿವಾರ, ಭಾನುವಾರ, ಹಬ್ಬದ ರಜೆಗಳಲ್ಲಿ ನಡೆಯುವುದಿಲ್ಲ. ವಾರಾಂತ್ಯದಲ್ಲೇ ಪಾಳಿ ಇರುವ ನನಗೆ ಅದು ತೊಂದರೆಯಲ್ಲ. ಕಾರು ನಿಲ್ಲಿಸುವ ಶುಲ್ಕ ಪಾಸಿನಲ್ಲೇ ಸೇರಿರುವುದರಿಂದ ಟ್ಯಾಂಪಾದಿಂದ ಹೋಗಿಬರುವ ಪೆಟ್ರೋಲು ಬಿಟ್ಟರೆ ಉಳಿದದ್ದೆಲ್ಲ ಉಡುಗೊರೆಯ ಖರ್ಚು.

ಮೊದಲು ಎಲ್ಲರ ಹಾಗೆ ಚಾಕೊಲೇಟು, ಕ್ಯಾಂಡಿ ಕೊಂಡೆ. ಫ್ಲೋರಿಡಾದ ಜುಲೈ ಬಿಸಿಲಿಗೆ ಚಾಕೊಲೇಟು ಗೇಟು ದಾಟುವಷ್ಟರಲ್ಲೇ ಕರಗಿ ಕುಳಿತಿತು. ಕ್ಯಾಂಡಿಯನ್ನು ಯಾವ ತಾಯಿಯೂ ಮುಟ್ಟಲಿಲ್ಲ. ಅಪರಿಚಿತ ಕೊಟ್ಟದ್ದು ಎನ್ನುವುದು ಒಂದು, ಶೇಂಗಾ ಅಲರ್ಜಿ ಎನ್ನುವುದು ಇನ್ನೊಂದು. ತಿನ್ನುವ ವಸ್ತುವನ್ನು ಕೊಡುವ ಯೋಚನೆ ಇದ್ದರೆ ಇಂದೇ ಬಿಡಿ. ನೀರಿನ ಬಾಟಲಿಯೂ ದಂಡವೇ, ತಿಂಡಿಯ ಕೌಂಟರುಗಳಲ್ಲಿ ಐಸು ಹಾಕಿದ ನೀರು ಕೇಳಿದವರಿಗೆಲ್ಲ ಪುಕ್ಕಟೆ ಸಿಗುತ್ತದೆ.

ಆಮೇಲೆ ಮಕ್ಕಳ ತಳ್ಳುಗಾಡಿಗಳು. ಸವಾರಿಗೆ ಹೋದವರು ಹೊರಗೆ ಸಾಲಾಗಿ ನಿಲ್ಲಿಸಿದ ಗಾಡಿಗಳ ಹಿಡಿಕೆಗೆ ಸಣ್ಣ ಪೊಟ್ಟಣ ಕಟ್ಟಿ ಬರುವುದು ಬಹಳ ಮಂದಿಯ ಅಚ್ಚುಮೆಚ್ಚು. ನನಗೆ ಅದು ಒಗ್ಗಲಿಲ್ಲ. ಜಾಗ ಮಾಡುವುದಕ್ಕಾಗಿ ಸಿಬ್ಬಂದಿ ಗಾಡಿಗಳನ್ನು ಆಚೀಚೆ ಸರಿಸುತ್ತಲೇ ಇರುತ್ತಾರೆ, ಪೊಟ್ಟಣ ಕಳಚಿ ಬೀಳುತ್ತದೆ, ಬಿದ್ದದ್ದು ಕಸ. ಒಂದು ಸಲ ದೂರದಲ್ಲಿ ನಿಂತು ನೋಡಿದೆ. ಒಬ್ಬ ತಂದೆ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ, ಹಿಂದುಮುಂದು ನೋಡಿ, ಮೂಸಿ, ನೇರ ಕಸದ ಡಬ್ಬಿಗೆ ಹಾಕಿದರು. ಅವರದು ತಪ್ಪಲ್ಲ. ನನ್ನ ಮಕ್ಕಳ ಗಾಡಿಗೆ ಯಾರಾದರೂ ಕಟ್ಟಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಬೆಂಚಿನ ಮೇಲೆ ಬಿಟ್ಟು ಬರುವುದಂತೂ ಕೂಡದು. ವಾರಸುದಾರರಿಲ್ಲದ ಗಂಟು ಎಂದರೆ ಭದ್ರತೆಯವರಿಗೆ ಕೆಲಸ.

ಹೊಳೆಯುವ ಕಡ್ಡಿಗಳ (ಗ್ಲೋ ಸ್ಟಿಕ್) ವಿಚಾರ ಸ್ವಲ್ಪ ಹೇಳಬೇಕು. ನೂರು ಕಡ್ಡಿಯ ಡಬ್ಬಿ ಹತ್ತು ಹನ್ನೆರಡು ಡಾಲರಿಗೆ ಬರುತ್ತದೆ. ಪಾರ್ಕಿನೊಳಗೆ ಮಾರುವ ಮಿನುಗುವ ಆಟಿಕೆ ಒಂದಕ್ಕೇ ಇಪ್ಪತ್ತೈದು ಮೂವತ್ತು ಡಾಲರ್. ಸುಡುಮದ್ದಿಗೆ ಕಾಯುತ್ತ ಪಾರ್ಕಿನೊಳಗಿನ ಮೇನ್ ಸ್ಟ್ರೀಟ್ ಬೀದಿಯಲ್ಲಿ ಒಂದು ಗಂಟೆ ನಿಂತ ಮಗುವಿಗೆ ಒಂದು ಕಡ್ಡಿ ಕೊಟ್ಟರೆ ತಾಯಿತಂದೆಯ ಮುಖದಲ್ಲಿ ಕಾಣುವ ನಿರಾಳಕ್ಕೆ ಬೆಲೆಯಿಲ್ಲ. ಆದರೆ ಬಳೆ ಮಾಡುವ ತೆಳು ಕಡ್ಡಿ ಬೇಡ. ಅದರ ಜೋಡಣೆಯ ಪ್ಲಾಸ್ಟಿಕ್ ತುಂಡು ಐದು ನಿಮಿಷಕ್ಕೆ ಕಳಚಿ ನೆಲ ಸೇರುತ್ತದೆ. ಚಿಕ್ಕವರು ಕಡ್ಡಿಯನ್ನು ಕಚ್ಚುತ್ತಾರೆ, ಒಡೆದರೆ ಒಳಗಿನ ದ್ರವ ಬಾಯಿಗೂ ಕಣ್ಣಿಗೂ ಉರಿ. ದಪ್ಪ ಕಡ್ಡಿ, ಐದು ವರ್ಷ ದಾಟಿದವರಿಗೆ ಮಾತ್ರ, ಅದೂ ಅಲ್ಲೇ ಅವರ ಎದುರು ಬಗ್ಗಿಸಿ ಬೆಳಗಿಸಿ. ಮನೆಯಿಂದಲೇ ಬೆಳಗಿಸಿ ತಂದರೆ ಸುಡುಮದ್ದಿನ ಹೊತ್ತಿಗೆ ಮಂಕಾಗಿರುತ್ತದೆ.

ಡಿಸ್ನಿ ಚಿತ್ರಗಳಿರುವ, ಬಟ್ಟೆಗೆ ಚುಚ್ಚಿಕೊಳ್ಳುವ ಪಿನ್ನುಗಳಲ್ಲೂ ಕೈ ಸುಟ್ಟುಕೊಂಡಾಯಿತು. 1999ರಿಂದ ಡಿಸ್ನಿಯಲ್ಲಿ ಪಿನ್ ಅದಲುಬದಲು ನಡೆಯುತ್ತಿದೆ. ಹೊಸಬರ ಮಕ್ಕಳಿಗೆ ಒಂದೊಂದು ಪಿನ್ ಕೊಟ್ಟರೆ ಅವರು ಅದನ್ನು ಸಿಬ್ಬಂದಿಯೊಂದಿಗೆ ಬದಲಿಸಿಕೊಂಡು ಆಟ ಶುರು ಮಾಡಲಿ ಎಂಬುದು ಲೆಕ್ಕ. ಅಂಗಡಿಯಲ್ಲಿ ಒಂದಕ್ಕೆ ಹನ್ನೆರಡು, ಹದಿನೈದು ಡಾಲರ್. ಅಂತರ್ಜಾಲದಲ್ಲಿ ಐವತ್ತರ ಗಂಟು ಮೂವತ್ತು ಡಾಲರಿಗೆ ಸಿಕ್ಕಿತು. ಬಂದದ್ದೆಲ್ಲ ನಕಲಿ, ಅಂಚು ಒರಟು, ಬಣ್ಣ ಮಸುಕು. ಬಲ್ಲವರು ನೋಡಿದ ಕೂಡಲೇ ಹಿಂದಿರುಗಿಸುತ್ತಾರೆ. ಮಗುವಿನ ಕೈಯಲ್ಲಿ ಖೋಟಾ ನಾಣ್ಯ ಇಟ್ಟಂತೆ ಆಗುತ್ತದೆ ಎಂದು ಆ ಗಂಟನ್ನು ಗ್ಯಾರೇಜಿನ ಡಬ್ಬಿಗೆ ಹಾಕಿದ್ದೇನೆ, ಇನ್ನೂ ಅಲ್ಲೇ ಇದೆ.

ಇಷ್ಟೆಲ್ಲ ಆದ ಮೇಲೆ ಬುಗುರಿ. ಚನ್ನಪಟ್ಟಣದಲ್ಲಿ ನನ್ನ ಅಕ್ಕ ಇದ್ದಾರೆ, ಹೋದಾಗಲೆಲ್ಲ ಆಟಿಕೆ ತರುವುದು ರೂಢಿ. ದಾರ ಬೇಡದ, ಎರಡು ಬೆರಳಲ್ಲಿ ತಿರುಗಿಸುವ ಬುಗುರಿ ಚಿಕ್ಕದಾದರೆ ಹತ್ತು ರೂಪಾಯಿ, ನಾನು ಕೊಳ್ಳುವ ದೊಡ್ಡದಕ್ಕೆ ಹದಿನೆಂಟು ಇಪ್ಪತ್ತು. ದೊಡ್ಡದೇ ಯಾಕೆಂದರೆ, ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಒಂದೂಕಾಲು ಅಂಗುಲ ಅಗಲದ ಕೊಳವೆಯೊಳಗೆ ಪೂರ್ತಿ ಇಳಿಯುವಂತಿರಬಾರದು ಎಂದು ಅಮೆರಿಕದ ನಿಯಮವಿದೆ. ನಾನು ದೊಡ್ಡ ಮಕ್ಕಳಿಗೇ ಕೊಟ್ಟರೂ ಪಕ್ಕದಲ್ಲಿ ತಮ್ಮನೋ ತಂಗಿಯೋ ಇದ್ದೇ ಇರುತ್ತದೆ. ಟಾಯ್ಲೆಟ್ ಪೇಪರಿನ ಖಾಲಿ ರಟ್ಟಿನ ಸುರುಳಿ ಅದಕ್ಕಿಂತ ಅಗಲ. ಅದರೊಳಗೆ ತೂರುವ ಬುಗುರಿಯನ್ನು ನಾನು ಕೊಳ್ಳುವುದೇ ಇಲ್ಲ. ಅಂಗಡಿಯವರ ಮುಂದೆ ಆ ಸುರುಳಿ ತೆಗೆದಾಗ ಅಕ್ಕನಿಗೆ ಮುಜುಗರ. "ನನ್ನ ಮರ್ಯಾದೆ ತೆಗೆಯಬೇಡವೋ, ಇಲ್ಲಿ ಎಲ್ಲರೂ ನನ್ನನ್ನು ಬಲ್ಲರು" ಎನ್ನುತ್ತಾರೆ.

ಇನ್ನೊಂದು ಪರೀಕ್ಷೆ ಬಣ್ಣದ್ದು. ಆಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ, ಆ ಬಿಸಿಗೆ ಬಣ್ಣ ಹಿಡಿಸುವುದು ಅಸಲಿ ಕೆಲಸ. ಹೆದ್ದಾರಿಯ ಪಕ್ಕ ಮಾರುವುದೆಲ್ಲ ಅದಲ್ಲ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಹತ್ತಿದರೆ ಕೆಳಗಿಡಿ. ನಾನು ಕೊಳ್ಳುವ ಕುಶಲಕರ್ಮಿಯ ಹೆಸರು ಮಾತ್ರ ಕೇಳಬೇಡಿ. ಈಗಾಗಲೇ ನಮ್ಮವರು ಹೋಗಿ ಬೆಲೆ ಏರಿಸಿದ್ದಾರೆ. ನೂರೈವತ್ತು ಬುಗುರಿ ಮೂರು ಕೆ.ಜಿ. ಒಳಗೇ ಬರುತ್ತದೆ. ವಿಮಾನ ನಿಲ್ದಾಣದಲ್ಲಿ ಮರದ ಆಟಿಕೆ ಎಂದು ಮೊದಲೇ ಹೇಳಿಬಿಡುತ್ತೇನೆ, ಇದುವರೆಗೆ ತಕರಾರಿಲ್ಲ.

ತಂದ ಮೇಲೂ ಒಂದು ಋತು ಪೂರ್ತಿ ಅದು ನಡೆಯಲಿಲ್ಲ. ಕ್ಯೂನಲ್ಲಿ ಮಗುವಿನ ಕಡೆ ಕೈ ಚಾಚಿದರೆ ತಾಯಿ ಮಗುವನ್ನು ತನ್ನತ್ತ ಎಳೆದುಕೊಳ್ಳುತ್ತಿದ್ದಳು. ಚನ್ನಪಟ್ಟಣದ ಕಥೆಯನ್ನು ಪುಟ್ಟ ಚೀಟಿಯಲ್ಲಿ ಮುದ್ರಿಸಿ ಜೊತೆಗೆ ಕಟ್ಟಿದೆ. ಆಗ ಏನೋ ಮಾರಲು ಬಂದವನಂತೆ ಕಂಡೆ. ಅಲ್ಲದೆ ಮುದ್ರಿತ ಕಾಗದ ಹಂಚುವುದಕ್ಕೆ ಪಾರ್ಕಿನ ನಿಯಮದಲ್ಲೇ ಅವಕಾಶವಿಲ್ಲ, ನೀವೂ ಚೀಟಿಯ ತಂಟೆಗೆ ಹೋಗಬೇಡಿ. ಹೆಂಡತಿ "ನಾನು ಹೇಳಿರಲಿಲ್ಲವೇ" ಎನ್ನುವುದನ್ನೂ ಬಿಟ್ಟು ಬರೀ ನಗುತ್ತಿದ್ದಳು.

ದಾರಿ ತೋರಿಸಿದ್ದು ಮಳೆ. ಬೇಸಿಗೆಯಲ್ಲಿ ಒರ್ಲ್ಯಾಂಡೊಗೆ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಗುಡುಗು ಮಳೆ ತಪ್ಪುವುದಿಲ್ಲ. ಹೊಸಬರಿಗೆ ಇದು ಗೊತ್ತಿರುವುದಿಲ್ಲ. ಪಾರ್ಕಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಮಳೆಕೋಟಿಗೆ ಹತ್ತು ಡಾಲರಿಗೂ ಮೇಲೆ ಕೊಡಬೇಕು. ಹೊರಗಿನ ಡಾಲರ್ ಅಂಗಡಿಯಲ್ಲಿ ಒಂದೂಕಾಲು. ಆ ದಿನ ನಾಲ್ಕು ಮಂದಿಯ ಕುಟುಂಬವೊಂದು ಚಾವಣಿಯ ಅಂಚಿನಲ್ಲಿ ಒದ್ದೆಯಾಗುತ್ತ ಬೆಲೆಯ ಲೆಕ್ಕ ಹಾಕುತ್ತಿತ್ತು. ಮಕ್ಕಳ ಕಡೆ ನೋಡದೆ ತಂದೆಗೆ ಹೇಳಿದೆ, "ನಮ್ಮಲ್ಲಿ ನಾಲ್ಕು ಹೆಚ್ಚಾಗಿ ಉಳಿದಿವೆ, ಮನೆಗೆ ಹೊತ್ತುಕೊಂಡು ಹೋಗಬೇಕು, ತೆಗೆದುಕೊಳ್ಳುತ್ತೀರಾ?" ಅವರು ಒಂದು ಕ್ಷಣವೂ ಅನುಮಾನಿಸಲಿಲ್ಲ.

ನನ್ನ ವಿಧಾನವೆಂದರೆ ಇಷ್ಟೇ. ಅಚ್ಚರಿಪಡಿಸಲು ಹೋಗಬೇಡಿ, ಬೇಕಾದ ಹೊತ್ತಿಗೆ ಅಲ್ಲಿರಿ. ದೊಡ್ಡವರನ್ನು ಕೇಳಿ, ಮಗುವನ್ನಲ್ಲ. ಕೊಡುಗೆ ಎನ್ನಬೇಡಿ, ಹೆಚ್ಚಾಗಿ ಉಳಿದಿದೆ ಎನ್ನಿ. ಕೊಟ್ಟವನೇ ಋಣದಲ್ಲಿ ಇರುವಂತೆ ಕೇಳಿಸಬೇಕು. ಮಳೆಕೋಟು ಕೊಟ್ಟು ಎರಡು ನಿಮಿಷ ಮಾತಾದ ಮೇಲೆ ಬುಗುರಿ ತೆಗೆದರೆ ಯಾರೂ ಹಿಂಜರಿಯುವುದಿಲ್ಲ.

ಬುಗುರಿ ಆಡಿಸಲು ಅಲ್ಲಿ ಜಾಗವೆಲ್ಲಿ ಎಂದು ಕೆಣಕಿದವರಿಗೆ ನನ್ನ ಉತ್ತರ ಊಟದ ಟ್ರೇ. ಡಿಸ್ನಿ ವರ್ಲ್ಡ್‌ನ ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್‌ನ ಕೊಲಂಬಿಯಾ ಹಾರ್ಬರ್ ಹೌಸ್ ಎಂಬ ಹೋಟೆಲಿನಲ್ಲಿ ಮಹಡಿಯ ಮೇಲೆ ಗದ್ದಲ ಕಡಿಮೆ. ಮೇಲೆ ಕುಳಿತು, ಖಾಲಿಯಾದ ಟ್ರೇಯನ್ನು ಒರೆಸಿ, ಬುಗುರಿ ಬಿಡಿ. ಟ್ರೇಯ ಅಂಚು ಅದನ್ನು ಕೆಳಗೆ ಬೀಳಲು ಬಿಡುವುದಿಲ್ಲ. ಒಮ್ಮೆ ಪಕ್ಕದ ಮೇಜಿನ ಏಳೆಂಟು ವರ್ಷದ ಹುಡುಗಿ ಊಟ ಬಿಟ್ಟು ನೋಡುತ್ತಿದ್ದಳು. ಅವಳ ಅಜ್ಜಿಯನ್ನು ಕೇಳಿ ಒಂದು ಕೊಟ್ಟೆ. ಹುಡುಗಿ ಹೆಬ್ಬೆರಳು ತೋರುಬೆರಳಲ್ಲಿ ಕಡ್ಡಿ ಹಿಡಿದು ಮಣಿಕಟ್ಟನ್ನೇ ತಿರುಗಿಸಿದಳು, ಬುಗುರಿ ಅಡ್ಡ ಬಿತ್ತು. ಮತ್ತೆ ಬಿತ್ತು. ಅಜ್ಜಿ ಕನ್ನಡಕ ಮೇಲೇರಿಸಿ, ಟ್ರೇ ಎಳೆದುಕೊಂಡು, ಬೆರಳುಗಳನ್ನು ಚಿಟಿಕೆ ಹೊಡೆಯುವ ಹಾಗೆ ಉಜ್ಜಿ ಬುಗುರಿ ಬಿಟ್ಟರು. ಕೆಂಪು ಹಳದಿ ಪಟ್ಟೆಗಳು ಬೆರೆತು ಕಿತ್ತಳೆಯಾಗಿ ಬುಗುರಿ ಒಂದೇ ಕಡೆ ನಿಂತು ತಿರುಗಿತು. ತಲೆಕೆಳಗು ಮಾಡಿ ಕಡ್ಡಿಯ ಮೇಲೂ ತಿರುಗಿಸಬಹುದು, ಅದಕ್ಕೆ ಒಂದು ಉಪಾಯವಿದೆ. ಅದನ್ನು ನಾನು ಎದುರಿಗೆ ಸಿಕ್ಕವರಿಗೆ ಮಾತ್ರ ತೋರಿಸುತ್ತೇನೆ.

ಪ್ರಾಣಿಗಳಿರುವ ಇನ್ನೊಂದು ಡಿಸ್ನಿ ಪಾರ್ಕು ಅನಿಮಲ್ ಕಿಂಗ್‌ಡಮ್‌ನಲ್ಲಿ ನನ್ನ ಸರಕು ಬೇರೆ. ಪ್ರಾಣಿಗಳ ದೃಷ್ಟಿಯಿಂದ ಅಲ್ಲಿಗೆ ಬಲೂನು ಒಯ್ಯುವಂತಿಲ್ಲ. ಅಲ್ಲಿಯ ಕೃತಕ 'ಕಾಳಿ ನದಿ'ಯ ದೋಣಿ ಸವಾರಿಯಲ್ಲಿ ತೊಪ್ಪೆಯಾಗದೆ ಬರುವವರು ಅಪರೂಪ. ಹೊರಬರುವ ದಾರಿಯಲ್ಲಿ ಒಂದು ಜೊತೆ ಒಣ ಕಾಲುಚೀಲ ಕೊಟ್ಟು ನೋಡಿ. ಒಂದೂಕಾಲು ಡಾಲರಿನ ಕಾಲುಚೀಲಕ್ಕೆ ಒಬ್ಬ ಗಡ್ಡಧಾರಿ ನನ್ನನ್ನು ಅಪ್ಪಿಕೊಂಡೇಬಿಟ್ಟ. ಪಾರ್ಕಿನ ಆ ಭಾಗಕ್ಕೆ ಡಿಸ್ನಿಯವರು ಕಲ್ಪಿಸಿಕೊಂಡ ಊರಿನ ಹೆಸರು ಆನಂದಪುರ. ಶಿವಮೊಗ್ಗ ಕಡೆಯವರು ಜೊತೆಗಿದ್ದರೆ ನಮ್ಮ ಸಾಗರ ತಾಲ್ಲೂಕಿನ ಆನಂದಪುರದ ಬಸ್ ಹತ್ತಿಸಿ ಎಂದು ತಮಾಷೆ ಮಾಡದೆ ಬಿಡುವುದಿಲ್ಲ.

ಸಿಬ್ಬಂದಿಗೆ ಏನು ಕೊಡುವುದು ಎಂದು ಹಲವರು ತಲೆಕೆಡಿಸಿಕೊಳ್ಳುತ್ತಾರೆ. ಸವಾರಿ ನಡೆಸುವವರು, ಕಸ ಗುಡಿಸುವವರು ಭಕ್ಷೀಸು ಪಡೆಯುವ ಹಾಗಿಲ್ಲ, ಕೊಟ್ಟು ಅವರನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿ. ಮೊಬೈಲ್ ಆ್ಯಪ್‌ನಲ್ಲೇ ಸಿಬ್ಬಂದಿಯ ಬಗ್ಗೆ ಮೆಚ್ಚುಗೆ ಬರೆಯುವ ಅವಕಾಶವಿದೆ. ಎದೆಯ ಬಿಲ್ಲೆಯಲ್ಲಿ ಹೆಸರೂ ಊರೂ ಇರುತ್ತದೆ. ಹೆಸರು, ಊರು, ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡಿದರು ಎಂದು ಎರಡು ಸಾಲು ಬರೆದರೆ ಸಾಕು. ದುಡ್ಡೂ ಖರ್ಚಿಲ್ಲ, ಬ್ಯಾಗಿನ ಭಾರವೂ ಇಲ್ಲ. ನಾನು ಕ್ಯೂನಲ್ಲಿ ನಿಂತಾಗ ಮಾಡುವ ಕೆಲಸ ಇದೇ.

ಊರಿಗೆ ಬಂದಾಗ ಬಿಡದಿಯ ವಂಡರ್‌ಲಾದಲ್ಲೂ ಇದನ್ನು ಪ್ರಯೋಗಿಸಿದೆ. ಚನ್ನಪಟ್ಟಣದಿಂದ ಅದೇ ರಸ್ತೆಯಲ್ಲಿ ಅರ್ಧ ಮುಕ್ಕಾಲು ಗಂಟೆಯ ದೂರ. ಬುಗುರಿ ತೆಗೆದ ಕೂಡಲೇ ಒಬ್ಬರು, "ಜೋಡಿಗೆ ಎಷ್ಟು ಸ್ವಾಮಿ?" ಎಂದರು. ಮಾರುವುದಲ್ಲ, ಸುಮ್ಮನೆ ಇಟ್ಟುಕೊಳ್ಳಿ ಎಂದರೆ "ಯಾವ ಕಂಪನಿಯವರು ನೀವು?" ಎಂಬ ಮರುಪ್ರಶ್ನೆ. ಅಲ್ಲಿ ಬುಗುರಿಗೆ ಬೆಲೆಯಿಲ್ಲ, ಎಲ್ಲರ ಮನೆಯಲ್ಲೂ ಇದೆ. ಗೆದ್ದದ್ದು ಒದ್ದೆ ಬಟ್ಟೆ ತುಂಬುವ ದಪ್ಪ ಪ್ಲಾಸ್ಟಿಕ್ ಕವರು. ನೀರಾಟ ಮುಗಿಸಿ ಹೊರಟವರ ಕೈಯಲ್ಲಿ ನೀರು ಸೋರುವ ಬಟ್ಟೆಯ ಮುದ್ದೆ ಇರುತ್ತದೆ. "ತಗೊಳ್ಳಿ ಅಮ್ಮಾ, ನಮಗೆ ಹೆಚ್ಚಾಗಿದೆ" ಎಂದರೆ ಸಾಕು. ಒಬ್ಬ ಅಜ್ಜಿ ಪ್ರತಿಯಾಗಿ ಡಬ್ಬಿಯಿಂದ ಎರಡು ಕೋಡುಬಳೆ ಕೊಟ್ಟರು. ಅಮೆರಿಕದಲ್ಲಿ ತಿನ್ನುವುದನ್ನು ಕೊಡಬಾರದು ಎಂದು ಮೇಲೆ ಬರೆದವನು ಅದನ್ನು ಅಲ್ಲೇ ನಿಂತು ತಿಂದೆ.

ಲೆಕ್ಕ ಹೇಳುವುದಾದರೆ, ವರ್ಷಕ್ಕೆ ಬುಗುರಿಗೆ ಮೂರು ಸಾವಿರ ರೂಪಾಯಿಯ ಸುತ್ತಮುತ್ತ, ಮಳೆಕೋಟು ಮತ್ತು ಕಾಲುಚೀಲಕ್ಕೆ ನೂರೈವತ್ತು ಡಾಲರ್, ಕಡ್ಡಿಗಳಿಗೆ ಮೂವತ್ತೋ ನಲವತ್ತೋ. ಪಿನ್ನಿನ ದಂಡ ಬೇರೆ. ಒಂದು ಭೇಟಿಗೆ ಐದಾರು ಜನರಿಗಿಂತ ಹೆಚ್ಚು ಮಂದಿಗೆ ಕೊಡುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಸುತ್ತ ಗುಂಪು ಸೇರುತ್ತದೆ, ಸಿಗದ ಮಕ್ಕಳು ಅಳುತ್ತಾರೆ. ಅಕ್ಕಪಕ್ಕ ಎರಡು ಕುಟುಂಬಗಳಿದ್ದರೆ ಎರಡಕ್ಕೂ ಕೊಡುವಷ್ಟು ಇಲ್ಲದಿದ್ದಾಗ ಬ್ಯಾಗ್ ತೆರೆಯಲೇ ಬೇಡಿ. ಅಲ್ಲಿ ಯಾರನ್ನು ಆರಿಸುವುದು ಎನ್ನುವುದಕ್ಕೆ, ಪುಕ್ಕಟೆ ಸಿಗುವ ಹುಟ್ಟುಹಬ್ಬದ ಬಿಲ್ಲೆ, 'ಮೊದಲ ಭೇಟಿ' ಬಿಲ್ಲೆ ಧರಿಸಿದವರನ್ನು ನೋಡುವುದು ಎಲ್ಲರೂ ಬಲ್ಲ ವಿದ್ಯೆ. ನನ್ನ ಕಣ್ಣು ಇನ್ನೊಂದು ಗುರುತನ್ನು ಹುಡುಕುತ್ತದೆ, ಅದನ್ನು ಇಲ್ಲಿ ಬರೆದರೆ ಎಲ್ಲರೂ ಅದೇ ಕುಟುಂಬದ ಹಿಂದೆ ಬೀಳುತ್ತಾರೆ.

ಮಳೆಕೋಟನ್ನು ಜೂನ್‌ಗೆ ಮುಂಚೆಯೇ ಕೊಂಡಿಡಿ. ಮಳೆ ಶುರುವಾದ ಮೇಲೆ ಪಾರ್ಕಿನ ಪಕ್ಕದ ಊರಾದ ಕಿಸ್ಸಿಮ್ಮಿ ಕಡೆಯ ಅಂಗಡಿಗಳಲ್ಲಿ ಮಕ್ಕಳ ಅಳತೆಯವು ಸಿಗುವುದೇ ಇಲ್ಲ, ದೊಡ್ಡವರದ್ದನ್ನು ಕತ್ತರಿಸಿಕೊಡುವ ಪಾಡು ಬರುತ್ತದೆ.