ರೇಷನ್ ಅಂಗಡಿಯ ಲೆಕ್ಕವನ್ನು ಊರಿನ ಗೋಡೆಗೆ ತರುವುದು ಹೇಗೆ?

ನಿಮ್ಮೂರಿನ ನ್ಯಾಯಬೆಲೆ ಅಂಗಡಿಗೆ ಈ ತಿಂಗಳು ಎಷ್ಟು ಕ್ವಿಂಟಲ್ ಅಕ್ಕಿ ಬಂತು? ಇದೇನೂ ಗುಟ್ಟಲ್ಲ. ಪಡಿತರದ ದಾಖಲೆಗಳೆಲ್ಲ ಸಾರ್ವಜನಿಕರಿಗೆ ಸಿಗುವಂತಿರಬೇಕು ಎಂದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಬಹಳಷ್ಟು ಲೆಕ್ಕ ಸರ್ಕಾರಿ ವೆಬ್‌ಸೈಟಿನಲ್ಲೂ ಇದೆ. ಆದರೆ ಆ ಅಕ್ಕಿಯನ್ನೇ ನಂಬಿಕೊಂಡ ಮನೆಗಳಲ್ಲಿ ಎಷ್ಟು ಜನ ಆ ವೆಬ್‌ಸೈಟ್ ತೆರೆದು ನೋಡಬಲ್ಲರು? ಜಗತ್ತಿನಲ್ಲಿ ಸುಮಾರು 260 ಕೋಟಿ ಜನ ಇಂಟರ್ನೆಟ್ ಬಳಸುತ್ತಿಲ್ಲ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2024ರಲ್ಲಿ ಅಂದಾಜು ಮಾಡಿತ್ತು. ಅವರ ತನಕ ಹೋಗದ ಮಾಹಿತಿಯನ್ನು ತೆರೆದ ಮಾಹಿತಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಅಮೆರಿಕ 2009ರಲ್ಲಿ ಸರ್ಕಾರಿ ಅಂಕಿಅಂಶಗಳ ಪೋರ್ಟಲ್ ಶುರು ಮಾಡಿತು. 2010ರಲ್ಲಿ ಬ್ರಿಟನ್, 2011ರಲ್ಲಿ ಕೀನ್ಯಾ, 2012ರಲ್ಲಿ ಭಾರತ ಅದೇ ದಾರಿ ಹಿಡಿದವು. ಒಳ್ಳೆಯದೇ. ಆದರೆ ಮಾಹಿತಿ ಎಲ್ಲರಿಗೂ ತೆರೆದಿದ್ದರೂ ಅದರ ಲಾಭ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ. ಇದಕ್ಕೆ ಜಗತ್ತಿನ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುವ ಉದಾಹರಣೆ ನಮ್ಮದೇ 'ಭೂಮಿ' ಯೋಜನೆ. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು, ಪಹಣಿ ಕೈಗೆ ಸಿಗುವುದು ಸುಲಭವೂ ಆಯಿತು. ಆದರೆ ದಾಖಲೆಗಳೆಲ್ಲ ಒಂದೇ ಕಡೆ ಸೇರಿದ್ದರಿಂದ ಜಾಸ್ತಿ ಅನುಕೂಲ ಆದದ್ದು ದೊಡ್ಡ ಭೂ ವ್ಯವಹಾರದವರಿಗೆ ಎಂದು ಸಾಲಿ ಬೆಂಜಮಿನ್ ಮತ್ತು ಸಂಗಡಿಗರು 2007ರ ಅಧ್ಯಯನದಲ್ಲಿ ವಾದಿಸಿದರು.

ಉಗಾಂಡದ ಕಥೆ ಬೇರೆ. ಅಲ್ಲಿ 1991ರಿಂದ 1995ರ ನಡುವೆ ಪ್ರಾಥಮಿಕ ಶಾಲೆಗಳಿಗೆಂದು ಸರ್ಕಾರ ಕಳಿಸಿದ ಅನುದಾನದಲ್ಲಿ ಶಾಲೆಗೆ ಮುಟ್ಟಿದ್ದು ಸರಾಸರಿ ಶೇ 13 ಮಾತ್ರ. ಆಮೇಲೆ ಯಾವ ಜಿಲ್ಲೆಗೆ ಎಷ್ಟು ಹಣ ಹೋಯಿತು ಎಂದು ಪತ್ರಿಕೆಗಳಲ್ಲಿ ಪ್ರಕಟಿಸಿದರು, ಶಾಲೆಯ ಬೋರ್ಡಿನಲ್ಲೂ ಬರೆಸಿದರು. 2001ರ ಹೊತ್ತಿಗೆ ಈ ಪ್ರಮಾಣ ಶೇ 80 ದಾಟಿತ್ತು. ಅದೇ ಕಾಲದಲ್ಲಿ ಬೇರೆ ಸುಧಾರಣೆಗಳೂ ಆಗಿದ್ದವು, ಪೂರ್ತಿ ಶ್ರೇಯಸ್ಸನ್ನು ಪತ್ರಿಕೆಗಳಿಗೇ ಕೊಡಲಾಗದು. ಆದರೂ ಓದುವವರ ಕಣ್ಣೆದುರಿಗೇ ಲೆಕ್ಕ ಬಂದದ್ದು ಸಣ್ಣ ವಿಷಯವಲ್ಲ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಜನರ ಮುಂದೆ ಕಾಮಗಾರಿಯ ಲೆಕ್ಕವನ್ನು ಗಟ್ಟಿಯಾಗಿ ಓದಿಸಿದ್ದೂ ಇದನ್ನೇ ನಂಬಿ.

ಈಗ ನೀವು ಮಾಡಬಹುದಾದ ಕೆಲಸಕ್ಕೆ ಬರೋಣ.

ಒಂದೇ ಒಂದು ಪ್ರಶ್ನೆ ಆರಿಸಿ. "ಪಡಿತರದಲ್ಲಿ ಏನೇನು ಮೋಸ ನಡೀತಿದೆ" ಅಂತ ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ. ನಮ್ಮ ಅಂಗಡಿಗೆ ಹೋದ ತಿಂಗಳು ಹಂಚಿಕೆಯಾದದ್ದೆಷ್ಟು, ಕಾರ್ಡುದಾರರಿಗೆ ಕೊಟ್ಟದ್ದೆಷ್ಟು? ಇಷ್ಟು ಸಾಕು.

ಲೆಕ್ಕ ಹುಡುಕಿ. ಆಹಾರ ಇಲಾಖೆಯ ವೆಬ್‌ಸೈಟ್ ಮತ್ತು ರಾಜ್ಯ ಸರ್ಕಾರದ 'ಮಾಹಿತಿ ಕಣಜ' ಪೋರ್ಟಲ್ ಎರಡನ್ನೂ ನೋಡಿ. ಜಿಲ್ಲೆ, ತಾಲ್ಲೂಕು ಹೀಗೆ ಆರಿಸುತ್ತಾ ಕೆಳಗಿಳಿಯಿರಿ. ಸಿಕ್ಕಿದ ದಿನಾಂಕ ಬರೆದಿಟ್ಟುಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆಯಿರಿ, ಯಾಕೆಂದರೆ ಅಂಕಿ ಆಮೇಲೆ ಬದಲಾಗಬಹುದು. ಎಕ್ಸೆಲ್ ಫೈಲ್ ಸಿಕ್ಕರೆ ಅದನ್ನೇ ಇಳಿಸಿಕೊಳ್ಳಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಸಿಕ್ಕರೆ ಕೈಯಲ್ಲೇ ಟೈಪ್ ಮಾಡಬೇಕಾದೀತು. ಇನ್ನೊಂದು ತಾಪತ್ರಯ ನಮ್ಮದೇ: ಕೆಲವು ಕಡತಗಳು ಯೂನಿಕೋಡ್ (ಈಗಿನ ಫೋನ್, ಕಂಪ್ಯೂಟರ್‌ಗಳು ಕನ್ನಡ ತೋರಿಸಲು ಬಳಸುವ ಪದ್ಧತಿ) ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿರುತ್ತವೆ, ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲ್ ಕೆಟ್ಟಿದೆ ಅಂತ ಬಿಡಬೇಡಿ. ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ.

ಸಿಗದಿದ್ದರೆ ಕೇಳಿ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಪೀಠಿಕೆ ಬೇಡ, ಅಂಗಡಿ ಸಂಖ್ಯೆ, ತಿಂಗಳು, ಬೇಕಾದ ಅಂಕಿ ಇಷ್ಟನ್ನೇ ಬರೆಯಿರಿ. ಸಾಫ್ಟ್ ಕಾಪಿ ಕೊಡಿ ಅಂತ ಕೇಳುವ ಹಕ್ಕೂ ನಿಮಗಿದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಅಂಗಡಿಗೆ ಹೋಗಿ, ಮನೆಗಳಿಗೂ ಹೋಗಿ. ದಾಸ್ತಾನು, ದರ, ತೆರೆಯುವ ಸಮಯ ಇವನ್ನೆಲ್ಲ ಅಂಗಡಿಯವರೇ ಬೋರ್ಡಿನಲ್ಲಿ ಹಾಕಬೇಕು, ಇದು 2015ರ ಪಡಿತರ ನಿಯಂತ್ರಣ ಆದೇಶದಲ್ಲೇ ಇದೆ. ಬೋರ್ಡಿನ ಫೋಟೊ ತೆಗೆದು ನಿಮ್ಮ ಅಂಕಿಯ ಜೊತೆ ಹೋಲಿಸಿ. ಆಮೇಲೆ ಒಂದಷ್ಟು ಮನೆಗಳಲ್ಲಿ ಕೇಳಿ: ಹೆಬ್ಬೆಟ್ಟು ಕೊಟ್ಟದ್ದು ಯಾವತ್ತು, ಅಕ್ಕಿ ಸಿಕ್ಕಿದ್ದು ಎಷ್ಟು? ಹೆಬ್ಬೆಟ್ಟಾಗಿ ಅಕ್ಕಿ ಸಿಗದಿದ್ದರೂ ವೆಬ್‌ಸೈಟಿನಲ್ಲಿ ಕೊಟ್ಟಾಯಿತು ಅಂತಲೇ ಇರಬಹುದು. ಈ ವ್ಯತ್ಯಾಸ ಕುರ್ಚಿಯಲ್ಲಿ ಕೂತು ನೋಡಿದರೆ ಯಾವತ್ತೂ ಕಾಣುವುದಿಲ್ಲ. ಹೆಂಗಸರನ್ನು ಬಿಡದೆ ಮಾತಾಡಿಸಿ. ಫೋನ್ ಗಂಡಸರ ಕೈಯಲ್ಲಿದ್ದರೂ ಬಹಳ ಮನೆಗಳಲ್ಲಿ ರೇಷನ್ನಿಗೆ ಕ್ಯೂ ನಿಲ್ಲುವವರು ಅವರೇ ಅಲ್ವಾ? ಯಾರನ್ನೂ ಕಳ್ಳ ಅಂತ ಕರೆಯುವ ಮೊದಲು ಅಂಗಡಿಯವರ ಮಾತನ್ನೂ ಕೇಳಿ. ಲೋಡು ತಡವಾಗಿ ಬಂದಿರಬಹುದು.

ಗೋಡೆಗೆ ತನ್ನಿ. ದೊಡ್ಡ ಚಾರ್ಟ್, ದಪ್ಪ ಅಕ್ಷರ, ನಾಲ್ಕೇ ಸಾಲು: ತಿಂಗಳು, ಬಂದದ್ದು, ಕೊಟ್ಟದ್ದು, ಉಳಿದದ್ದು. ಬಸ್ ಸ್ಟ್ಯಾಂಡ್, ಹಾಲಿನ ಡೇರಿ, ಅಂಗನವಾಡಿ, ಎಲ್ಲಿ ಜನ ನಿಲ್ಲುತ್ತಾರೋ ಅಲ್ಲಿ ಅನುಮತಿ ಕೇಳಿ ಅಂಟಿಸಿ. ಓದಲು ಬಾರದವರಿಗಾಗಿ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಅಧಿಕಾರಿಗಳು "ವೆಬ್‌ಸೈಟಿನಲ್ಲಿ ಹಾಕಿದ್ದೇವಲ್ಲ" ಅಂದರೆ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ತೋರಿಸಿ. ನೋಟಿಸ್ ಬೋರ್ಡ್, ಪತ್ರಿಕೆ, ಸಾರ್ವಜನಿಕ ಪ್ರಕಟಣೆ ಎಲ್ಲ ಅದರಲ್ಲಿವೆ, ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಅಂತಲೂ ಇದೆ.

ಇದನ್ನು ಮಾತ್ರ ಹಾಕಬೇಡಿ. ಆಧಾರ್ ನಂಬರ್, ಬ್ಯಾಂಕ್ ಖಾತೆ, ಫೋನ್ ನಂಬರ್, ಕಾಯಿಲೆಯ ವಿವರ. ಸರ್ಕಾರಿ ಪೋರ್ಟಲ್‌ಗಳಲ್ಲೇ ಕೋಟ್ಯಂತರ ಆಧಾರ್ ನಂಬರ್‌ಗಳು ಬಯಲಾಗಿದ್ದವು ಎಂದು ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ 2017ರಲ್ಲಿ ತೋರಿಸಿತ್ತು. ತೆರೆದಿರಬೇಕಾದದ್ದು ಸರ್ಕಾರದ ಲೆಕ್ಕವೇ ಹೊರತು ಬಡವರ ಖಾಸಗಿ ಬದುಕಲ್ಲ.

ಅಂಕಿ ತಾಳೆಯಾಗದಿದ್ದರೆ 1967ಕ್ಕೆ ಕರೆ ಮಾಡಿ, ತಾಲ್ಲೂಕಿನ ಆಹಾರ ನಿರೀಕ್ಷಕರಿಗೆ ಬರಹದಲ್ಲೂ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ದೂರಿನ ಸಂಖ್ಯೆ ಮತ್ತು ಕೊಟ್ಟ ದಿನಾಂಕವನ್ನು ಅದೇ ಚಾರ್ಟಿನ ಕೆಳಗೆ ಬರೆಯಿರಿ. ಉತ್ತರ ಬಂದ ದಿನ ಅದನ್ನೂ ಬರೆಯಿರಿ, ಬರದಿದ್ದರೆ ಮುಂದಿನ ತಿಂಗಳ ಚಾರ್ಟಿನಲ್ಲಿ "ಇನ್ನೂ ಬಂದಿಲ್ಲ" ಎಂದು ಹಾಕಿ.