ಸೋಫಾ ತರುವ ಮುಂಚೆ ಸೀಮೆಸುಣ್ಣ ತನ್ನಿ

ಭಾನುವಾರ ಸಂಜೆ ಹೋಟೆಲಿಗೆ ಹೊರಟವರು ದಾರಿಯಲ್ಲಿ ಕಂಡ ಫರ್ನಿಚರ್ ಷೋರೂಮಿಗೆ ನುಗ್ಗಿ, ಅರ್ಧ ಗಂಟೆಯಲ್ಲಿ ಎಲ್ ಆಕಾರದ ಸೋಫಾಗೆ ಮುಂಗಡ ಕೊಟ್ಟು ಬರುತ್ತೀರಲ್ಲ, ನೋಡಿ ನೋಡಿ ನನಗೆ ಸಾಕಾಗಿದೆ. ಕಾಲು ಕೆಜಿ ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ತಿರುಗಿಸಿ ತೂತು ಹುಡುಕುತ್ತೀರಿ. ನಲವತ್ತು ಸಾವಿರದ ಸೋಫಾವನ್ನು ಮಾತ್ರ ಬಣ್ಣ ಚೆನ್ನಾಗಿದೆ ಅಂತ ತಂದುಬಿಡುತ್ತೀರಿ. ಬಂದ ಮೇಲೆ ಬಾಲ್ಕನಿ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ, ದೇವರ ಮನೆಗೆ ಹೋಗಲು ಮೈ ಓರೆ ಮಾಡಬೇಕಾಗುತ್ತದೆ, ವಯಸ್ಸಾದವರು ಕೂತರೆ ಎಬ್ಬಿಸಲು ಇಬ್ಬರು ಕೈ ಕೊಡಬೇಕು. ಇದರಲ್ಲಿ ಅಂಗಡಿಯವರ ತಪ್ಪಿಲ್ಲ. ಅಳತೆ ಇಲ್ಲದೆ ಹೋದವರದ್ದೇ ತಪ್ಪು.

ಹಿಂದೆ ಬಡಗಿ ಮನೆಗೇ ಬರುತ್ತಿದ್ದರು. ಮಂಚ ಇಡುವ ಕೋಣೆಯನ್ನು ಮೊದಲು ಅಳೆದು, ಬಾಗಿಲು ಎತ್ತ ತೆರೆಯುತ್ತದೆ ಎಂದು ಕೇಳಿ, ಆಮೇಲೆ ಜಗುಲಿಯಲ್ಲಿ ಕೂತು ಮರ ಕುಯ್ಯುತ್ತಿದ್ದರು. ಹಲಸೋ ಹೊನ್ನೆಯೋ ತೇಗವೋ ಮನೆಯವರಿಗೆ ಗೊತ್ತೇ ಇರುತ್ತಿತ್ತು, ಏಕೆಂದರೆ ಹಲಗೆ ತಿಂಗಳುಗಟ್ಟಲೆ ಅವರ ಕಣ್ಣೆದುರೇ ಒಣಗಿರುತ್ತಿತ್ತು. ಈಗ ಸಾಮಾನು ಸಿದ್ಧವಾಗಿ ಡಬ್ಬದಲ್ಲಿ ಬರುತ್ತದೆ. ಬಡಗಿ ಮಾಡುತ್ತಿದ್ದ ಅಳತೆಯ ಕೆಲಸ ಮಾತ್ರ ಎಲ್ಲೂ ಹೋಗಿಲ್ಲ, ನಿಮ್ಮ ತಲೆಯ ಮೇಲೆ ಬಂದು ಕೂತಿದೆ.

ಹಾಗಾಗಿ ಅಂಗಡಿಗೆ ಹೋಗುವ ವಾರದ ಮುಂಚೆ ಒಂದು ಡಬ್ಬಿ ಸೀಮೆಸುಣ್ಣ ತನ್ನಿ, ಮಕ್ಕಳು ಸ್ಲೇಟಿನ ಮೇಲೆ ಬರೆಯುವಂಥದ್ದೇ. ಕೊಳ್ಳಬೇಕೆಂದಿರುವ ಸಾಮಾನಿನ ಅಳತೆಯನ್ನು ನೆಲದ ಮೇಲೆ ಗೆರೆ ಎಳೆದು ನೋಡುವುದಕ್ಕೆ. ಸಾಮಾನು ಇಡುವ ಜಾಗ ಗುಡಿಸಿ, ಒರೆಸಿ, ಪೂರ್ತಿ ಒಣಗಲು ಬಿಡಿ. ಸೀಮೆಸುಣ್ಣದ ತುದಿಯನ್ನು ನೀರಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಅದ್ದಿ ತೆಗೆಯಿರಿ. ಅದಕ್ಕಿಂತ ಹೆಚ್ಚು ಬಿಟ್ಟರೆ ನೆನೆದು ಮುದ್ದೆಯಾಗುತ್ತದೆ. ಗೆರೆ ಎಳೆಯುವಾಗ ಕಂಡೂ ಕಾಣದಂತಿರುತ್ತದೆ, ಹೆದರಬೇಡಿ, ಒಣಗಿದ ಮೇಲೆ ಬೆಳ್ಳಗೆ ಎದ್ದು ಕಾಣುತ್ತದೆ. ಹೊಸ್ತಿಲ ಮುಂದೆ ಒದ್ದೆ ಸೀಮೆಸುಣ್ಣದಲ್ಲಿ ರಂಗೋಲಿ ಹಾಕುವವರಿಗೆ ಇದು ಗೊತ್ತು: ಓಡಾಡಿದರೂ ಬೇಗ ಅಳಿಸದು, ಒದ್ದೆ ಬಟ್ಟೆಗೆ ಸುಲಭವಾಗಿ ಹೋಗುತ್ತದೆ. ರಂಗೋಲಿ ಪುಡಿ ಬೇಡ, ಫ್ಯಾನ್ ಹಾಕಿದರೆ ಮನೆಯೆಲ್ಲ ಹರಡುತ್ತದೆ. ಕೆನೆ ಬಣ್ಣದ ಟೈಲ್ ಆದರೆ ನೀಲಿ ಸೀಮೆಸುಣ್ಣ ತೆಗೆದುಕೊಳ್ಳಿ. ಪಾಲಿಷ್ ಇಲ್ಲದ ಕಲ್ಲಿನ ನೆಲಕ್ಕೆ ಬಣ್ಣದ್ದು ಹಚ್ಚಬೇಡಿ, ಕಲೆ ಉಳಿಯುತ್ತದೆ. ಅಲ್ಲಿ ಕಾಗದದ ಟೇಪ್ ಅಂಟಿಸಿ.

ಮೊದಲ ಗೆರೆ ಸಾಮಾನಿನದು. ಸೋಫಾ ಆರೂವರೆ ಅಡಿ ಉದ್ದ, ಮೂರಡಿ ಆಳ ಎಂದರೆ ಅಷ್ಟನ್ನೂ ಎಳೆಯಿರಿ. ಟೈಲ್ ಎಣಿಸಿ ಅಳೆಯುವ ಸೋಮಾರಿತನ ಬೇಡ. ಎರಡಡಿ ಟೈಲ್ ಎನ್ನುವುದು ನಿಜಕ್ಕೂ 60 ಸೆಂಟಿಮೀಟರ್, ಎರಡಡಿಗಿಂತ ಸುಮಾರು ಒಂದು ಸೆಂಟಿಮೀಟರ್ ಕಮ್ಮಿ. ಐದು ಟೈಲ್ ಎಣಿಸುವಷ್ಟರಲ್ಲಿ ಎರಡು ಇಂಚಿನಷ್ಟು ತಪ್ಪಿರುತ್ತದೆ, ವಾರ್ಡ್‌ರೋಬ್ ಮೂಲೆಯಲ್ಲಿ ಕೂರದೆ ಹೋಗಲು ಅಷ್ಟು ಸಾಕು. ಗೋಡೆ ಮೂಲೆ ನೇರವಾಗಿದೆಯೇ ಎಂದೂ ನೋಡಿ. ಒಂದು ಗೋಡೆಯಗುಂಟ ಮೂರಡಿ, ಇನ್ನೊಂದರಗುಂಟ ನಾಲ್ಕಡಿ ಗುರುತು ಹಾಕಿ, ಎರಡು ಗುರುತಿನ ನಡುವೆ ದಾರ ಹಿಡಿದರೆ ಸರಿಯಾಗಿ ಐದಡಿ ಬರಬೇಕು. ಗಾರೆ ಕೆಲಸದವರು ಮೂಲೆಮಟ್ಟ ನೋಡುವುದು ಹೀಗೆಯೇ.

ಎರಡನೆಯ ಗೆರೆಯೇ ಎಲ್ಲರೂ ಮರೆಯುವುದು. ಸಾಮಾನನ್ನು ಬಳಸುವಾಗ ಅದು ಎಷ್ಟು ಜಾಗ ತಿನ್ನುತ್ತದೋ ಅದನ್ನು ಬೇರೆ ಬಣ್ಣದಲ್ಲಿ ಎಳೆಯಿರಿ. ವಾರ್ಡ್‌ರೋಬ್ ಬಾಗಿಲು ಒಂದೂವರೆ ಅಡಿ ಹೊರಗೆ ಬರುತ್ತದೆ, ಅದರ ಮುಂದೆ ನೀವು ನಿಲ್ಲಬೇಕು. ಊಟದ ಮೇಜಿನ ಕುರ್ಚಿ ಹಿಂದಕ್ಕೆ ಎಳೆದು ಏಳಲು ಎರಡೂವರೆ ಅಡಿ ಬೇಕು. ಮಂಚದ ಡ್ರಾಯರ್ ಪೂರ್ತಿ ಎಳೆದರೆ ಗೋಡೆಗೆ ತಾಗುತ್ತದೆಯೇ? ರಿಕ್ಲೈನರ್ ಹಿಂದಕ್ಕೆ ವಾಲಲು ಗೋಡೆಯಿಂದ ಒಂದು ಗೇಣಾದರೂ ಬಿಡಬೇಕೇ? ಹೆಡ್‌ಬೋರ್ಡ್, ಅಂದರೆ ಮಂಚದ ತಲೆಕಡೆಯ ಹಲಗೆಯ ಎತ್ತರಕ್ಕೆ ಗೋಡೆಗೆ ಹಳೆಯ ಪೇಪರ್ ಅಂಟಿಸಿದರೆ ಸ್ವಿಚ್ ಬೋರ್ಡ್ ಹಿಂದೆ ಹೋಗುತ್ತದೋ ಇಲ್ಲವೋ ತಿಳಿಯುತ್ತದೆ. ಇಷ್ಟು ಮಾಡಿ ಮೂರು ದಿನ ಆ ಗೆರೆಗಳ ಜೊತೆ ಬದುಕಿ. ಗೆರೆ ತುಳಿಯದೆ ಕಾಫಿ ತಟ್ಟೆ ಹಿಡಿದು ಹೋಗಿ, ಬಟ್ಟೆ ಒಣಹಾಕಲು ಬಕೆಟ್ ಎತ್ತಿಕೊಂಡು ಹೋಗಿ, ರಾತ್ರಿ ದೀಪ ಹಾಕದೆ ಬಚ್ಚಲಿಗೆ ಹೋಗಿ. ಪದೇ ಪದೇ ಒಂದೇ ಕಡೆ ಗೆರೆ ತುಳಿಯುತ್ತಿದ್ದೀರಿ ಎಂದರೆ ಆ ಸಾಮಾನು ಅಷ್ಟು ದೊಡ್ಡದಿರಬಾರದು. ಎಲ್ ಆಕಾರದ್ದು ಬಿಟ್ಟು ಮೂರು ಜನ ಕೂರುವ ಸೋಫಾ, ಜೊತೆಗೊಂದು ಕುರ್ಚಿ ಸಾಕು ಎಂದು ಎಷ್ಟೋ ಮನೆಯವರಿಗೆ ಈ ಮೂರು ದಿನದಲ್ಲೇ ಅರಿವಾಗುತ್ತದೆ.

ಗೆರೆ ಎಳೆದ ಮೇಲೆ ದಾರಿ ಅಳೆಯಿರಿ. ಬೀದಿ ಬಾಗಿಲ ಚೌಕಟ್ಟು ಮೂರಡಿ ಇದ್ದರೂ ಕದ ತೆರೆದು ನಿಂತಾಗ ಸಿಗುವುದು ಎರಡು ಮೂರು ಇಂಚು ಕಮ್ಮಿಯೇ. ಲಿಫ್ಟಿನ ಬಾಗಿಲು, ಒಳಗಿನ ಎತ್ತರ, ಮೆಟ್ಟಿಲು ತಿರುಗುವ ಕಡೆಯ ಅಗಲ, ಮಲಗುವ ಕೋಣೆಯ ಬಾಗಿಲು, ಎಲ್ಲವನ್ನೂ ನೋಡಿ. ಒಂದು ಹುರಿಗೆ ಈ ಅಳತೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದರಷ್ಟಕ್ಕೆ ಗಂಟು ಹಾಕಿ ಪರ್ಸಿನಲ್ಲಿಟ್ಟುಕೊಳ್ಳಿ. ಷೋರೂಮಿನ ಸೂರು ನಿಮ್ಮ ಮನೆಯದಕ್ಕಿಂತ ಎತ್ತರ, ಹಜಾರ ವಿಶಾಲ, ಅಲ್ಲಿ ಎಲ್ಲವೂ ಪುಟ್ಟದಾಗಿಯೇ ಕಾಣುತ್ತದೆ. ಕಣ್ಣನ್ನು ನಂಬಬೇಡಿ, ಹುರಿ ಹಿಡಿಯಿರಿ.

ಅಂಗಡಿಯಲ್ಲಿ ಮೊದಲು ಸಾಮಾನಿನ ಬೆನ್ನು ನೋಡಿ, ಮುಖ ಆಮೇಲೆ. ವಾರ್ಡ್‌ರೋಬಿನ ಒಳಗೆ ಷೆಲ್ಫ್ ಕೂರಿಸಲು ಸಣ್ಣ ತೂತುಗಳಿರುತ್ತವೆ, ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಬೋರ್ಡಿನ ಗುಟ್ಟು ಅಲ್ಲೇ ಗೊತ್ತಾಗುತ್ತದೆ. ರವೆಉಂಡೆ ಒಡೆದಂತೆ ಪುಡಿಪುಡಿ ಕಂಡರೆ ಪಾರ್ಟಿಕಲ್ ಬೋರ್ಡ್. ಒತ್ತಿದ ರಟ್ಟಿನಂತೆ ನಯವಾಗಿದ್ದರೆ ಎಂಡಿಎಫ್. ಚಿರೋಟಿಯಂತೆ ಪದರ ಪದರವಾಗಿದ್ದರೆ ಪ್ಲೈವುಡ್. ಸೇಲ್ಸ್ ಹುಡುಗ ಮೊದಲೆರಡನ್ನೂ ‘ಎಂಜಿನಿಯರ್ಡ್ ವುಡ್’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ, ಯಾವುದು ಎಂದು ಬಿಡಿಸಿ ಕೇಳಿ. ಪ್ಲೈವುಡ್ ಎಂದು ಹೇಳಿದರೆ ಐಎಸ್ (ಭಾರತೀಯ ಮಾನಕ) 303ರ ಮಾಮೂಲಿಯದೋ, ಐಎಸ್ 710ರ, ನೀರು ತಡೆಯುವ ಮೆರೈನ್ ಮಟ್ಟದ್ದೋ ಕೇಳಿ.

ಪಾರ್ಟಿಕಲ್ ಬೋರ್ಡ್ ಎಂದರೆ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಟಿವಿ ಇಡಲು, ಓದುವ ಮೇಜಿಗೆ ಧಾರಾಳವಾಗಿ ತನ್ನಿ. ಬಚ್ಚಲಿನ ಗೋಡೆಗೆ ತಾಗುವ ಕಡೆ, ಅಡುಗೆ ಮನೆಯ ಸಿಂಕಿನ ಕೆಳಗೆ ಮಾತ್ರ ಬೇಡವೇ ಬೇಡ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೂ ಮೊದಲಿನಂತಾಗುವುದಿಲ್ಲ. ಪದೇ ಪದೇ ಬಾಡಿಗೆ ಮನೆ ಬದಲಿಸುವವರಿಗೆ ಇನ್ನೊಂದು ತೊಂದರೆ: ಬಿಚ್ಚಿ ಜೋಡಿಸಿದಾಗಲೆಲ್ಲ ತಿರುಪಿನ ತೂತು ಸಡಿಲವಾಗುತ್ತದೆ, ಮೂರನೆಯ ಮನೆಗೆ ಹೋಗುವಷ್ಟರಲ್ಲಿ ಬಾಗಿಲು ಜೋತುಬೀಳುತ್ತದೆ. ಅಂಚಿನ ಪಟ್ಟಿಯನ್ನು ಉಗುರಿನಿಂದ ಮೀಟಿ ನೋಡಿ. ಎದ್ದರೆ ಅದೇ ನೀರಿಗೆ ಬಾಗಿಲು. ಆಳೆತ್ತರದ ಬಾಗಿಲಿಗೆ ನಾಲ್ಕು ಹಿಂಜ್ ಇರಬೇಕು, ಷೆಲ್ಫ್ ಎರಡೂವರೆ ಅಡಿ ದಾಟಿದರೆ ಮಧ್ಯೆ ಆಸರೆ ಇರಬೇಕು.

ಕಾಲು ಇರುವ ಸಾಮಾನನ್ನೇ ಆರಿಸಿ, ಪೊರಕೆ ಒಳಗೆ ಹೋಗುವಷ್ಟು ಎತ್ತರದ್ದು. ಮಾಪ್ ಹಿಂಡದೆ ನೀರು ಸುರಿಯುವ ಹಾಗೆಯೇ ನೆಲ ಒರೆಸುವುದನ್ನು ಮೊದಲು ಬಿಡಿ. ನೆಲ ಒರೆಸುವುದೆಂದರೆ ಬಟ್ಟೆಯಿಂದ ಹನಿ ಬೀಳದಂತೆ ಹಿಂಡಿ ಒರೆಸುವುದು. ವಾರ್ಡ್‌ರೋಬಿನ ಬುಡ ಒಂದೇ ವರ್ಷದಲ್ಲಿ ಉಬ್ಬಿತು ಎಂದು ಗೋಳಾಡುವವರ ಮನೆಯಲ್ಲಿ ನೆಲ ಹೇಗೆ ಒರೆಸುತ್ತಾರೆ ಎಂದು ಒಮ್ಮೆ ನಿಂತು ನೋಡಿದರೆ ಕಾರಣ ಗೊತ್ತಾಗುತ್ತದೆ.

‘ಸಾಲಿಡ್ ವುಡ್’ ಎಂದರೆ ಯಾವ ಮರ ಎಂದು ಹೆಸರು ಹಿಡಿದು ಕೇಳಿ. ರಾಜಸ್ಥಾನದಿಂದ ಬರುವ ಶೀಶಮ್ ನಮ್ಮ ಬೀಟೆಗೆ ಬಂಧುವೇ ಹೊರತು ಬೀಟೆಯಲ್ಲ, ಆ ಬೆಲೆ ಕೊಡಬೇಡಿ. ರಬ್ಬರ್ ಮರ ಒಳ್ಳೆಯದೇ, ಆದರೆ ಔಷಧ ಕುಡಿಸದಿದ್ದರೆ ಕುಟ್ಟೆ ಹಿಡಿಯುತ್ತದೆ. ಷೋರೂಮಿನ ಸಾಮಾನಿನ ಕೆಳಗೆ ಗೋಧಿ ಹಿಟ್ಟಿನಂಥ ಪುಡಿ, ಮರದಲ್ಲಿ ಗುಂಡುಸೂಜಿ ತಲೆಯಷ್ಟು ತೂತು ಕಂಡರೆ ಮರುಮಾತಿಲ್ಲದೆ ಮುಂದೆ ಹೋಗಿ.

ಸೋಫಾಗೆ ಮೂರು ಪರೀಕ್ಷೆ. ಮುಂದಿನ ಒಂದು ಕಾಲನ್ನು ಅರ್ಧ ಅಡಿ ಎತ್ತಿ. ಅಷ್ಟರೊಳಗೆ ಮುಂದಿನ ಇನ್ನೊಂದು ಕಾಲೂ ಮೇಲೇಳಬೇಕು. ಅದು ನೆಲದಲ್ಲೇ ಇದ್ದರೆ ಚೌಕಟ್ಟು ತಿರುಚುತ್ತಿದೆ ಎಂದರ್ಥ. ಸೀಟಿನ ಜಿಪ್ ತೆಗೆದು ಫೋಮ್ ನೋಡಿ, ಡೆನ್ಸಿಟಿ, ಅಂದರೆ ಒಂದು ಘನ ಮೀಟರಿಗೆ ಎಷ್ಟು ಕೆಜಿ ಎಂದು ಕೇಳಿ. ದಿನಾ ಕೂರುವ ಸೀಟಿಗೆ 32ಕ್ಕಿಂತ ಕಮ್ಮಿ ಬೇಡ, 40 ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರನ್ನು ಕೂರಿಸಿ. ಬೆನ್ನು ಒರಗಿಸಿದಾಗ ಪಾದ ನೆಲ ಮುಟ್ಟಬೇಕು, ಕೈ ಊರದೆ ಏಳುವಂತಿರಬೇಕು. ಸೀಟಿನ ಎತ್ತರ ಒಂದೂವರೆ ಅಡಿ, ಅಂದರೆ ಒಂದು ಮೊಳ ಇದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅವರನ್ನು ಮನೆಯಲ್ಲೇ ಬಿಟ್ಟು ನೀವಿಬ್ಬರೇ ಹೋಗಿ ತಗ್ಗಿನ ಸೋಫಾ ತರುವುದು ಅವರಿಗೆ ಮಾಡುವ ಅನ್ಯಾಯ. ಚರ್ಮದಂತೆ ಕಾಣುವ ರೆಕ್ಸಿನ್ ಕೆಲವೇ ವರ್ಷಗಳಲ್ಲಿ ಹಪ್ಪಳದಂತೆ ಎದ್ದು ಉದುರುತ್ತದೆ, ಮಂಗಳೂರು ಕಡೆಯ ತೇವಕ್ಕೆ ಇನ್ನೂ ಬೇಗ. ತೆಗೆದು ಒಗೆಯಬಹುದಾದ ಬಟ್ಟೆಯ ಕವರ್ ಇರುವುದನ್ನೇ ನೋಡಿ.

ಮಂಚದ ವಿಷಯದಲ್ಲಿ ‘ಕಿಂಗ್’, ‘ಕ್ವೀನ್’ ಎಂಬ ಹೆಸರು ನಂಬಬೇಡಿ, ಅಳತೆ ಬರೆಸಿಕೊಳ್ಳಿ. ನಮ್ಮಲ್ಲಿ ಕಿಂಗ್ ಹಾಸಿಗೆ ಬಹುಪಾಲು 72ಕ್ಕೆ 78 ಇಂಚು. ಸೆಂಟಿಮೀಟರ್ ಲೆಕ್ಕದ ಮಂಚ 180ಕ್ಕೆ 200 ಇರುತ್ತದೆ. 72 ಇಂಚು ಎಂದರೆ ಸುಮಾರು 183 ಸೆಂಟಿಮೀಟರ್, ಒಳಗೆ ಕೂರದೆ ಅಂಚು ಎದ್ದು ನಿಲ್ಲುತ್ತದೆ. ಮಂಚದ ಮಧ್ಯೆ ಕೆಳಗೆ ಐದನೆಯ ಕಾಲು ಇದೆಯೇ ಎಂದು ಬಗ್ಗಿ ನೋಡಿ. ಹೈಡ್ರಾಲಿಕ್ ಸ್ಟೋರೇಜ್, ಅಂದರೆ ಹಾಸಿಗೆಯ ಸಮೇತ ಮೇಲೆತ್ತಿ ಕೆಳಗೆ ಸಾಮಾನಿಡುವ ಮಂಚ ತೆಗೆದುಕೊಂಡರೆ ನಿಮ್ಮ ಹಾಸಿಗೆಯಷ್ಟೇ ತೂಕದ್ದನ್ನು ಹಾಕಿಸಿ ಎತ್ತಿ ನೋಡಿ, ತೆಳು ಹಾಸಿಗೆ ಹಾಕಿ ಬೆರಳಿನಲ್ಲಿ ಎತ್ತಿ ತೋರಿಸಿದ್ದಕ್ಕೆ ಮರುಳಾಗಬೇಡಿ.

ದುಡ್ಡಿನ ಮಾತು. ಆಷಾಢದಲ್ಲಿ ಜನ ಹೊಸ ಸಾಮಾನು ಮನೆಗೆ ತರುವುದಿಲ್ಲವೆಂದು ಅಂಗಡಿಗಳು ಬೆಲೆ ಇಳಿಸುತ್ತವೆ. ಶಾಸ್ತ್ರ ಬೇಕೆನ್ನುವವರು ಆಷಾಢದಲ್ಲಿ ಬೆಲೆ ನಿಕ್ಕಿ ಮಾಡಿ ಮುಂಗಡ ಕೊಟ್ಟು, ಶ್ರಾವಣದಲ್ಲಿ ಡೆಲಿವರಿ ಎಂದು ಬಿಲ್ಲಿನಲ್ಲೇ ತಾರೀಕು ಬರೆಸಿ. ಅದೇ ಬಿಲ್ಲಿನಲ್ಲಿ ಬೋರ್ಡ್ ಯಾವುದು, ಫೋಮ್ ಡೆನ್ಸಿಟಿ ಎಷ್ಟು, ಇಂಚಿನಲ್ಲಿ ಅಳತೆ, ಜಿಎಸ್‌ಟಿ ಸೇರಿದೆಯೇ, ಮೇಲಿನ ಮಹಡಿಗೆ ಹೊರಲು ಬೇರೆ ಕೂಲಿ ಇದೆಯೇ, ಇವೂ ಇರಲಿ. ಬಾಯಿಮಾತಿನ ವಾರಂಟಿಗೆ ಬೆಲೆಯಿಲ್ಲ, ಬರೆದದ್ದರಲ್ಲೂ ನೀರು ಮತ್ತು ಗೆದ್ದಲು ಸೇರಿದೆಯೇ ಎಂದು ಓದಿ ನೋಡಿ. ಬಡ್ಡಿ ಇಲ್ಲದ ಇಎಂಐ ಎಂದರೆ, ಪೂರ್ತಿ ಹಣ ಒಮ್ಮೆಗೇ ಕೊಟ್ಟರೆ ಎಷ್ಟು ಬಿಡುತ್ತೀರಿ ಎಂದು ಕೇಳಿ. ಬಡ್ಡಿ ಎಲ್ಲಿ ಅಡಗಿದೆ ಎಂದು ಆಗ ಕಾಣುತ್ತದೆ.

ಸಾಮಾನು ಬಂದ ದಿನ ಡಬ್ಬಗಳನ್ನು ಎಣಿಸಿ, ಮೂಲೆ ಜಜ್ಜಿದ್ದರೆ ಫೋಟೊ ತೆಗೆದ ಮೇಲೆಯೇ ಸಹಿ ಹಾಕಿ. ಜೋಡಿಸುವವರು ಡ್ರಿಲ್ ಮೆಷಿನ್ನಿನಿಂದ ತಿರುಪನ್ನು ಕೊನೆಯವರೆಗೂ ಓಡಿಸಲು ಬಿಡಬೇಡಿ, ಪಾರ್ಟಿಕಲ್ ಬೋರ್ಡಿನ ತೂತು ಅಲ್ಲೇ ಸವೆಯುತ್ತದೆ. ಕೊನೆಯ ಎರಡು ಸುತ್ತು ಕೈಯಿಂದ ಬಿಗಿಯಲಿ. ಮಕ್ಕಳಿರುವ ಮನೆಯಲ್ಲಿ ಎತ್ತರದ ಬೀರು, ಪುಸ್ತಕದ ಕಪಾಟುಗಳನ್ನು ಗೋಡೆಗೆ ಕಟ್ಟಿಸದೆ ಜೋಡಿಸುವವರನ್ನು ಕಳಿಸಲೇಬೇಡಿ.

ಹೊಸ ವಾರ್ಡ್‌ರೋಬಿಗೆ ಅಂದೇ ರೇಷ್ಮೆ ಸೀರೆ ತುಂಬಬೇಡಿ. ಅಂಟಿನ ವಾಸನೆ ಇರುತ್ತದೆ, ಬಾಗಿಲು ತೆರೆದು ವಾರ ಹತ್ತು ದಿನ ಗಾಳಿಯಾಡಲಿ. ಆಮೇಲೆ ಸೀರೆಗಳನ್ನು ಒಗೆದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ನುಸಿಗುಳಿಗೆಯನ್ನು ಜರಿಗೆ ತಾಗಿಸಬೇಡಿ.

ನೆಲದ ಗೆರೆ ಮಾತ್ರ ಸಾಮಾನು ಬಂದು ಕೂರುವವರೆಗೂ ಇರಲಿ. ಆಳುಗಳಿಗೆ ಬಾಯಲ್ಲಿ ಹೇಳುವ ಕೆಲಸ ತಪ್ಪುತ್ತದೆ, ಗೆರೆ ತೋರಿಸಿದರೆ ಅಲ್ಲಿಗೇ ತಂದಿಡುತ್ತಾರೆ. ಭಾರದ ಮಂಚವನ್ನು ಆಮೇಲೆ ಎಳೆದಾಡಿದರೆ ಟೈಲೂ ಗೀರುತ್ತದೆ, ಕಾಲೂ ಸಡಿಲವಾಗುತ್ತದೆ. ಒಂದು ತಿಂಗಳು ಕಳೆದ ಮೇಲೆ ತಿರುಪುಗಳನ್ನೆಲ್ಲ ಇನ್ನೊಮ್ಮೆ ಕೈಯಿಂದ ಬಿಗಿ ಮಾಡಿ, ಮಂಚದ್ದು ಮೊದಲು.