ಜಡ್ಜ್ ಸಾಹೇಬರಿಗೆ ‘ಹೇಳಿಸಲು’ ಹೋಗಬೇಡಿ, ಕೇಸು ಹೀಗೆ ನಡೆಸಿ

ರಾಯಚೂರಿನ ಕೋರ್ಟ್ ಆವರಣ. ಮಾನ್ವಿ ಕಡೆಯ ಹಿರಿಯರೊಬ್ಬರು ಕಾಗದಪತ್ರದ ಪ್ಲಾಸ್ಟಿಕ್ ಚೀಲ ಎದೆಗವಚಿಕೊಂಡು ನನ್ನನ್ನು ಕೇಳಿದರು: ‘ಸಾಹೇಬ್ರಿಗೆ ಯಾರ ಕಡಿಂದರ ಒಂದ್ ಮಾತು ಹೇಳಸಬೇಕಿತ್ರೀ, ನಿಮಗ ಯಾರರ ಗೊತ್ತದಾರೇನು?’ ಹೊಲದ ವ್ಯಾಜ್ಯ. ದಾಖಲೆಗಳೆಲ್ಲ ಅವರ ಪರವಾಗಿಯೇ ಇದ್ದವು. ಎದುರಿನವರು ಆಗಲೇ ಹೇಳಿಸಿದ್ದಾರೆ ಎಂಬ ಗುಮಾನಿಯೇ ಅವರನ್ನು ತಿನ್ನುತ್ತಿತ್ತು. ಇಬ್ಬರೂ ಹೇಳಿಸಲು ಹೊರಟರೆ ಗೆಲ್ಲುವವನು ದುಡ್ಡಿದ್ದವನೇ ಅಲ್ಲವೇ? ಯಾರ ಮಾತಿಗೂ ಕಿವಿಗೊಡದ ನ್ಯಾಯಾಧೀಶರು ಬೇಕಾಗಿರುವುದು ಇಂಥ ಹಿರಿಯರಿಗೇ.

ಮೊದಲು, ಯಾರ ಹತೋಟಿ ಯಾರ ಮೇಲಿದೆ ತಿಳಿದುಕೊಳ್ಳಿ. ಜಿಲ್ಲೆಯ ನ್ಯಾಯಾಧೀಶರು ಡಿಸಿ ಕೈಕೆಳಗೂ ಇಲ್ಲ, ಶಾಸಕರ ಕೈಕೆಳಗೂ ಇಲ್ಲ. ಸಂವಿಧಾನದ 235ನೇ ವಿಧಿಯಂತೆ ಕೆಳಗಿನ ಕೋರ್ಟುಗಳ ಹತೋಟಿ ಹೈಕೋರ್ಟಿನದು. ವರ್ಗಾವಣೆ, ಶಿಸ್ತಿನ ವಿಚಾರಣೆ ಎಲ್ಲ ಅಲ್ಲಿಂದಲೇ. ರಾಯಚೂರಿನವರಿಗೆ ಕಲಬುರಗಿ ಪೀಠ, ಕೊಪ್ಪಳ ಮತ್ತು ಬಳ್ಳಾರಿಯವರಿಗೆ ಧಾರವಾಡ ಪೀಠ. ಎರಡೂ 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾಗಿ 2013ರಲ್ಲಿ ಕಾಯಂ ಆದವು. ಅದಕ್ಕೂ ಮುಂಚೆ ಹೈಕೋರ್ಟ್ ಎಂದರೆ ಬೆಂಗಳೂರಿಗೇ ಓಡಬೇಕಿತ್ತು.

ವಕೀಲರಿಂದ ನಿಮ್ಮ ಕೇಸಿನ ಸಿಎನ್‌ಆರ್ ಸಂಖ್ಯೆ ಬರೆಸಿಕೊಳ್ಳಿ. ಇದು ಪ್ರತಿ ಕೇಸಿಗೂ ಕೊಡುವ ಗುರುತಿನ ಸಂಖ್ಯೆ; ಅಕ್ಷರ, ಅಂಕಿ ಸೇರಿ 16 ಇರುತ್ತವೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು, ಹಿಂದಿನ ತಾರೀಖುಗಳಲ್ಲಿ ನಡೆದದ್ದು ಎರಡೂ ಸಿಗುತ್ತವೆ.

ತಾರೀಖಿನ ದಿನ ಹೊರಗೆ ಬೇವಿನ ಮರದಡಿ ಕಾಯುತ್ತ ಕೂರಬೇಡಿ. ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಕೇಳಿ. ಅತ್ಯಾಚಾರ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ) ಇಂಥ ಕೆಲವು ಪ್ರಕರಣ ಬಿಟ್ಟರೆ ವಿಚಾರಣೆ ಎಲ್ಲರೆದುರೇ ನಡೆಯಬೇಕು. ಕಣ್ಣಾರೆ ನೋಡಿದವರ ಅರ್ಧ ಗುಮಾನಿ ಅಲ್ಲೇ ಕರಗುವುದನ್ನು ನಾನು ಕಂಡಿದ್ದೇನೆ.

ತೀರ್ಪು ವಿರುದ್ಧ ಬಂದರೆ? ಅತ್ತುಕೊಂಡು ಊರಿಗೆ ಬಸ್ ಹತ್ತುವ ಮೊದಲು ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಸಿವಿಲ್ ಡಿಕ್ರಿಯ (ತೀರ್ಪಿನಂತೆ ಹೊರಡುವ ಆದೇಶ) ಮೇಲೆ ಜಿಲ್ಲಾ ಕೋರ್ಟಿಗಾದರೆ 30 ದಿನ, ಹೈಕೋರ್ಟಿಗಾದರೆ 90 ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ನಕಲು ಕೈಗೆ ಬಂದಾಗ ಅದರ ಮೇಲಿನ ಮೊಹರು ನೋಡಿ: ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ ಕೈಬರಹದಲ್ಲಿ ತುಂಬಿರುತ್ತಾರೆ. ನಕಲು ತಯಾರಾಗಲು ಹಿಡಿದ ದಿನಗಳನ್ನು ಗಡುವಿನಲ್ಲಿ ಎಣಿಸುವುದಿಲ್ಲ. ಆ ತಾರೀಖುಗಳು ಮಸುಕಾಗಿದ್ದರೆ ಅಲ್ಲೇ ಸ್ಪಷ್ಟವಾಗಿ ಬರೆಸಿಕೊಳ್ಳಿ. ಗೆಲ್ಲಬಹುದಾದ ಮೇಲ್ಮನವಿಗಳು ಬರೀ ಗಡುವು ಮೀರಿ ಬಿದ್ದುಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ತೀರ್ಪು ತಪ್ಪೆನಿಸಿದರೆ ಮೇಲ್ಮನವಿ, ನಡತೆ ತಪ್ಪಾಗಿದ್ದರೆ ದೂರು. ಎರಡನ್ನೂ ಕಲಸಬೇಡಿ. ಇಂಥ ಕಡೆ ನ್ಯಾಯ ಸಿಗದು ಎನ್ನಲು ಗಟ್ಟಿ ಕಾರಣವಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಕೇಸನ್ನು ಬೇರೆ ಕೋರ್ಟಿಗೆ ವರ್ಗಾಯಿಸಲು ಜಿಲ್ಲಾ ಕೋರ್ಟಿಗೋ ಹೈಕೋರ್ಟಿಗೋ ಅರ್ಜಿ ಹಾಕಬಹುದು. ಲಂಚದಂಥ ದೂರಿದ್ದರೆ ಹೈಕೋರ್ಟಿನ ರಿಜಿಸ್ಟ್ರಾರರಿಗೆ ಹೆಸರು, ಸಹಿ, ಅಫಿಡವಿಟ್ ಸಮೇತ ಬರೆಯಿರಿ. ಮಂತ್ರಿಗಳ ಮನೆ ಬಾಗಿಲು ತಟ್ಟಿದರೆ ಅವರ ಕೈ ನ್ಯಾಯಪೀಠದ ತನಕ ಚಾಚಲು ನಾವೇ ದಾರಿ ಮಾಡಿಕೊಟ್ಟಂತೆ.

ವಕೀಲರ ಫೀಸಿಗೆ ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೇ ಹೋಗಿ. ಆ ಹಿರಿಯರನ್ನೂ ಅಲ್ಲಿಗೇ ಕರೆದೊಯ್ದೆ. ಚೀಲ ಬಿಚ್ಚಿ ಮೇಜಿನ ಮೇಲಿಟ್ಟು, ಪಹಣಿಗಳನ್ನು ಒಂದೊಂದಾಗಿ ತೆಗೆಯತೊಡಗಿದರು.